ಹೊತ್ತು ಮತ್ತು ಅವಧಿ: ವಿತರಿತ ಕಡತ ವ್ಯವಸ್ಥೆಗಳಲ್ಲಿ ಕಾಲದ ಅಳತೆ

ಅಬುಧಾಬಿಯ ಬನಿಯಾಸ್‌ನಲ್ಲಿ ನೆಲೆಸಿರುವ ಕರಾವಳಿಯ ಕುಟುಂಬವೊಂದು ಊರಿಗೆ ಹೊರಟಿದೆ ಎಂದುಕೊಳ್ಳೋಣ. ವಿಮಾನ ನಿಲ್ದಾಣ ಅಲ್ಲಿಗೆ ದೂರವಲ್ಲ. ರಾತ್ರಿ 9 ಗಂಟೆಗೆ ಹೊರಟ ವಿಮಾನ ಮಂಗಳೂರನ್ನು ಮುಟ್ಟುವುದು ನಡುರಾತ್ರಿ ಕಳೆದು 2 ಗಂಟೆಗೆ ಎಂದು ಟಿಕೆಟ್ಟು ಹೇಳುತ್ತದೆ. ಮರಳುವ ದಿನ ಬೆಳಗ್ಗೆ 9ಕ್ಕೆ ಹೊರಟರೆ 11ಕ್ಕೆಲ್ಲ ಇಲ್ಲಿ ಇಳಿದಾಗಿರುತ್ತದೆ. ಟಿಕೆಟ್ಟಿನ ಅಂಕಿಗಳನ್ನು ಹಾಗೆಯೇ ಕಳೆದರೆ ಹೋಗುವಾಗ ಐದು ಗಂಟೆ, ಬರುವಾಗ ಎರಡೇ ಗಂಟೆ. ಆಕಾಶದಲ್ಲಿ ಕಳೆದದ್ದು ಮಾತ್ರ ಎರಡು ಸಲವೂ ಮೂರೂವರೆ ಗಂಟೆ. ಎರಡು ಊರುಗಳ ಗಡಿಯಾರಗಳ ನಡುವೆ ಒಂದೂವರೆ ಗಂಟೆಯ ಅಂತರವಿರುವುದು ಗಲ್ಫ್ ಕನ್ನಡಿಗರ ಮನೆಯ ಮಕ್ಕಳಿಗೂ ಗೊತ್ತು; ಈ ಲೆಕ್ಕದಲ್ಲಿ ಯಾರೂ ಮೋಸಹೋಗುವುದಿಲ್ಲ. ಆದರೆ ಇದೇ ತಪ್ಪನ್ನು, ಗಂಟೆಗಳ ಬದಲು ಮಿಲಿಸೆಕೆಂಡುಗಳ ಪ್ರಮಾಣದಲ್ಲಿ, ಜಗತ್ತಿನ ದೊಡ್ಡ ದೊಡ್ಡ ಕಡತ ವ್ಯವಸ್ಥೆಗಳ ಕೋಡ್ ಬಹುಕಾಲ ಮಾಡುತ್ತಲೇ ಬಂದಿತ್ತು. ಅವುಗಳಲ್ಲಿ ಒಂದನ್ನು ಬಹುಪಾಲು ಬರೆದದ್ದು ಬೆಂಗಳೂರಿನಲ್ಲಿ.

ಕನ್ನಡ ಈ ವಿಷಯದಲ್ಲಿ ಎಚ್ಚರದ ಭಾಷೆ. 'ಎಷ್ಟು ಹೊತ್ತಿಗೆ ಬಂದಿರಿ' ಎಂಬ ಪ್ರಶ್ನೆ ಬೇರೆ, 'ಎಷ್ಟು ಹೊತ್ತು ಕಾದಿರಿ' ಎಂಬುದು ಬೇರೆ. ಒಂದು ವಿಭಕ್ತಿ ಪ್ರತ್ಯಯದಿಂದ ಗಡಿಯಾರದ ಮೇಲಿನ ಬಿಂದುವೂ ನಡುವೆ ಕಳೆದ ಅವಧಿಯೂ ಬೇರ್ಪಡುತ್ತವೆ. ಈ ಎರಡಕ್ಕೂ ಸಲಕರಣೆಗಳು ಬೇರೆಬೇರೆ ಎಂಬುದನ್ನೂ ನಮ್ಮ ಹಿರಿಯರು ಬಲ್ಲವರಾಗಿದ್ದರು. ಮುಹೂರ್ತ ಕಾಯುವಾಗ ನೀರಿನ ಪಾತ್ರೆಯಲ್ಲಿ ತೇಲಿಬಿಡುತ್ತಿದ್ದ ಗಳಿಗೆ ಬಟ್ಟಲಿನ ತಳದಲ್ಲಿ ಸಣ್ಣ ರಂಧ್ರವಿರುತ್ತದೆ. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಎಂದರೆ 24 ನಿಮಿಷ. ಅಂಥ 60 ಗಳಿಗೆ ಸೇರಿ ಒಂದು ದಿನ. ಈಗ ಎಷ್ಟು ಗಂಟೆ ಎಂದು ಬಟ್ಟಲನ್ನು ಕೇಳಿದರೆ ಅದಕ್ಕೆ ಉತ್ತರ ತಿಳಿಯದು. ಎಣಿಕೆ ತೊಡಗಿದಂದಿನಿಂದ ಎಷ್ಟು ಸಲ ಮುಳುಗಿತು ಎಂಬುದಷ್ಟೇ ಅದರ ಜ್ಞಾನ. ಹೊತ್ತನ್ನು ಹೇಳುವವನು ಸೂರ್ಯ. ಅವಧಿಯನ್ನು ಹೇಳುವುದು ಬಟ್ಟಲು. ಮುಂದಿನ ಚರ್ಚೆಯಲ್ಲಿ 'ಹೊತ್ತು' ಎಂದಲ್ಲಿ ದಿನದ ಗಡಿಯಾರದ ಸೂಚನೆಯನ್ನೂ 'ಅವಧಿ' ಎಂದಲ್ಲಿ ಎರಡು ಕ್ಷಣಗಳ ನಡುವಿನ ಅಂತರವನ್ನೂ ತಿಳಿಯಬೇಕು.

ಒಂದೇ ಯಂತ್ರದ ಡಿಸ್ಕಿನಲ್ಲಿ ಹಿಡಿಯದಷ್ಟು ದತ್ತಾಂಶವನ್ನು ಹತ್ತಾರು, ನೂರಾರು ಸರ್ವರುಗಳಲ್ಲಿ ಹಂಚಿಟ್ಟು, ಬಳಸುವವನಿಗೆ ಒಂದೇ ಕಡತಕೋಶದಂತೆ ತೋರಿಸುವ ತಂತ್ರಾಂಶವೇ ವಿತರಿತ ಕಡತ ವ್ಯವಸ್ಥೆ. 2005ರಲ್ಲಿ ಹುಟ್ಟಿದ ಗ್ಲಸ್ಟರ್ ಸಂಸ್ಥೆಯ ಮುಖ್ಯ ಕಚೇರಿ ಕ್ಯಾಲಿಫೋರ್ನಿಯದಲ್ಲಿತ್ತು, ಎಂಜಿನಿಯರಿಂಗ್ ತಂಡ ಬೆಂಗಳೂರಿನಲ್ಲಿತ್ತು. ಗ್ನು ಮತ್ತು ಕ್ಲಸ್ಟರ್ ಎಂಬೆರಡು ಪದಗಳನ್ನು ಬೆಸೆದ ಹೆಸರದು. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಕಂಪನಿ ಸುಮಾರು 13.6 ಕೋಟಿ ಡಾಲರು ಕೊಟ್ಟು ಅದನ್ನು ಕೊಂಡಿತು. ಕೆಲಸ ಬೆಂಗಳೂರಿನಲ್ಲೇ ಮುಂದುವರಿಯಿತು. ಆ ಕಂಪನಿ ತನ್ನ ಗ್ಲಸ್ಟರ್ ಉತ್ಪನ್ನದ ಬೆಂಬಲವನ್ನು 2024ರ ಕೊನೆಗೆ ಮುಗಿಸಿದ್ದರೂ ಗ್ಲಸ್ಟರ್‌ಎಫ್‌ಎಸ್‌ನ ಮುಕ್ತ ಕೋಡ್ ಯಾರು ಬೇಕಾದರೂ ಓದುವಂತಿದೆ. ಅವಧಿಯನ್ನು ಹೇಗೆ ಅಳೆಯಬೇಕು ಎಂದು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಗ್ಲಸ್ಟರ್‌ನ ಒಳಗೆ ಪ್ರತಿಯೊಂದು ಕೆಲಸವೂ 'ಟ್ರಾನ್ಸ್‌ಲೇಟರ್' ಎಂಬ ಪದರಗಳ ಮೂಲಕ ಸಾಗುತ್ತದೆ. ಈ ಕಲ್ಪನೆಯನ್ನು ಗ್ನು ಹರ್ಡ್ ಎಂಬ ಕಾರ್ಯಾಚರಣ ವ್ಯವಸ್ಥೆಯಿಂದ ಎರವಲು ಪಡೆಯಲಾಗಿದೆ. ಒಂದು ಪದರ ಕಡತದ ಪ್ರತಿಗಳನ್ನು ನೋಡಿಕೊಳ್ಳುತ್ತದೆ, ಇನ್ನೊಂದು ಹಂಚಿಕೆಯನ್ನು, ಮತ್ತೊಂದು ಬೀಗಗಳನ್ನು. ತಳದ ಪದರ ಡಿಸ್ಕನ್ನು ಮುಟ್ಟುತ್ತದೆ. ಬರೆಯುವ ಆದೇಶವೊಂದು ಮೇಲಿನಿಂದ ಕೆಳಕ್ಕೆ ಇಳಿಯುವುದನ್ನು ಕೋಡ್‌ನಲ್ಲಿ 'ವೈಂಡ್' ಎಂದೂ ಉತ್ತರ ಕೆಳಗಿನಿಂದ ಮೇಲಕ್ಕೆ ಏರುವುದನ್ನು 'ಅನ್‌ವೈಂಡ್' ಎಂದೂ ಕರೆಯುತ್ತಾರೆ. ಬಾವಿಗೆ ಕೊಡ ಇಳಿಸಿ ಸೇದಿದಂತೆ. ಪ್ರತಿ ಇಳಿತಕ್ಕೂ ಒಂದು 'ಫ್ರೇಮ್', ಎಂದರೆ ಒಂದು ಸಣ್ಣ ಚೀಟಿ, ಸಿದ್ಧವಾಗುತ್ತದೆ. ಅದರಲ್ಲಿ ಆರಂಭ ಮತ್ತು ಅಂತ್ಯ ಎಂಬ ಎರಡು ಖಾನೆಗಳಿವೆ. ಅಳತೆಯನ್ನು ಚಾಲೂ ಮಾಡಿದ್ದರೆ ಇಳಿಯುವಾಗ ಮೊದಲನೆಯದೂ ಉತ್ತರ ಬಂದಾಗ ಎರಡನೆಯದೂ ತುಂಬಿಕೊಳ್ಳುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ಆ ಕಾರ್ಯಕ್ಕೆ ತಗಲಿದ ಅವಧಿ.

ಇಲ್ಲಿ ಗಮನಿಸಬೇಕಾದ್ದು ಚೀಟಿಯ ಅಗತ್ಯ. ಸಾಮಾನ್ಯ ಪ್ರೋಗ್ರಾಮಿನಲ್ಲಿ ಒಂದು ಕ್ರಿಯೆಯನ್ನು ಕರೆಯುವ ಮೊದಲೊಮ್ಮೆ, ಅದು ಮುಗಿದ ಮೇಲೊಮ್ಮೆ ಗಡಿಯಾರ ನೋಡಿದರೆ ಸಾಕು. ವಿತರಿತ ವ್ಯವಸ್ಥೆಯಲ್ಲಿ ಕರೆದವನು ಉತ್ತರಕ್ಕಾಗಿ ನಿಂತು ಕಾಯುವುದಿಲ್ಲ; ಆದೇಶವನ್ನು ಕಳುಹಿಸಿ ಬೇರೆ ಕೆಲಸಕ್ಕೆ ಹೋಗುತ್ತಾನೆ. ಉತ್ತರ ಬಂದಾಗ ಅದನ್ನು ಸ್ವೀಕರಿಸುವ ಎಳೆಯೇ ಬೇರೆ ಇರಬಹುದು. ಆದ್ದರಿಂದ ಆರಂಭದ ಕ್ಷಣವು ಆದೇಶದ ಜೊತೆಯಲ್ಲೇ ಪ್ರಯಾಣ ಮಾಡಬೇಕು, ಎಳೆಯ ಜೊತೆಯಲ್ಲಲ್ಲ. ಹೊಸಬರು ಅಳತೆಯ ಕೋಡ್ ಬರೆಯುವಾಗ ಎಡವುವ ಮೊದಲ ಕಲ್ಲು ಇದು: ಕಳುಹಿಸಲು ತಗಲಿದ ಅವಧಿಯನ್ನು ಅಳೆದು, ಕೆಲಸಕ್ಕೆ ತಗಲಿದ ಅವಧಿಯೆಂದು ಬರೆದುಬಿಡುತ್ತಾರೆ.

ಎರಡನೆಯ ಕಲ್ಲು ಗಡಿಯಾರದ ಆಯ್ಕೆ. ಗ್ಲಸ್ಟರ್‌ನ ಹಳೆಯ ಕೋಡ್ ಚೀಟಿಯ ಎರಡು ಖಾನೆಗಳನ್ನೂ ತುಂಬಲು 'ಗೆಟ್‌ಟೈಮ್‌ಆಫ್‌ಡೇ' ಎಂಬ ಕರೆಯನ್ನು ಬಳಸುತ್ತಿತ್ತು. ಹೆಸರೇ ಹೇಳುವಂತೆ ಅದು ದಿನದ ಹೊತ್ತನ್ನು ಕೊಡುತ್ತದೆ. 1970ರ ಜನವರಿ 1ರಿಂದ ಇಂದಿನವರೆಗಿನ ಸೆಕೆಂಡುಗಳು, ಮೈಕ್ರೋಸೆಕೆಂಡಿನ ಸೂಕ್ಷ್ಮತೆಯಲ್ಲಿ. ನೋಡಲು ಬಹಳ ನಿಖರ. ಆದರೆ ಇದು ಸೂರ್ಯನನ್ನು ಅನುಸರಿಸುವ ಗಡಿಯಾರ, ಬಟ್ಟಲಲ್ಲ. ಅದನ್ನು ಯಾರಾದರೂ ತಿದ್ದುತ್ತಲೇ ಇರುತ್ತಾರೆ.

ತಿದ್ದಬೇಕಾಗುವುದಕ್ಕೂ ಕಾರಣವಿದೆ. ಕಂಪ್ಯೂಟರಿನ ಕಾಲಜ್ಞಾನಕ್ಕೆ ಆಧಾರ ಒಂದು ಕ್ವಾರ್ಟ್ಸ್ ಹರಳು. ಅದರ ಕಂಪನದಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಅಸಾಮಾನ್ಯವೇನಲ್ಲ. ಅಷ್ಟಕ್ಕೇ ದಿನವೊಂದಕ್ಕೆ 1.7 ಸೆಕೆಂಡು ಆಚೀಚೆಯಾಗುತ್ತದೆ. ಉಷ್ಣತೆಯೂ ಹರಳಿನ ಮೇಲೆ ಕೆಲಸ ಮಾಡುತ್ತದೆ. ಕೈಗಡಿಯಾರಗಳಲ್ಲಿರುವ 32,768 ಹರ್ಟ್ಸ್‌ನ ಹರಳು 25 ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿ ನಡೆದು, ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. 45 ಡಿಗ್ರಿಯಲ್ಲಿ ದಿನಕ್ಕೆ ಒಂದು ಸೆಕೆಂಡಿಗೂ ತುಸು ಹೆಚ್ಚು ಹಿಂದೆ ಬೀಳುತ್ತದೆ. ಬನಿಯಾಸ್‌ನ ಜುಲೈ ಬಿಸಿಲಿನಲ್ಲಿ ಕಾರಿನೊಳಗೆ ಮರೆತುಬಿಟ್ಟ ಗಡಿಯಾರ ಕೆಟ್ಟಿದೆಯೆಂದು ಅಂಗಡಿಗೆ ಒಯ್ಯುವ ಮೊದಲು ಇದು ನೆನಪಿರಲಿ. ಸರ್ವರುಗಳು ತಂಪಾದ ಕೋಣೆಯಲ್ಲಿರುತ್ತವೆ ನಿಜ. ಆದರೂ ಪ್ರತಿಯೊಂದರ ಹರಳು ತನ್ನದೇ ಗತಿಯಲ್ಲಿ ನಡೆಯುತ್ತದೆ.

ಇವುಗಳನ್ನು ಹದ್ದುಬಸ್ತಿನಲ್ಲಿಡುವುದು ಎನ್‌ಟಿಪಿ ಎಂಬ ಜಾಲ ಕಾಲ ಶಿಷ್ಟಾಚಾರ. ಡೆಲವೇರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ, 2024ರಲ್ಲಿ ತೀರಿಕೊಂಡ ಡೇವಿಡ್ ಮಿಲ್ಸ್ ಇದರ ಜನಕ. ಇದರ ಮೊದಲ ನಿರೂಪಣೆ 1985ರದು. ಅಂತರ 128 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದರೆ ಅದರ ಮೂಲ ತಂತ್ರಾಂಶವು ಗಡಿಯಾರದ ನಡಿಗೆಯನ್ನೇ ಕೊಂಚ ಚುರುಕು ಅಥವಾ ನಿಧಾನ ಮಾಡಿ, ಸೆಕೆಂಡಿಗೆ ಹೆಚ್ಚೆಂದರೆ ಅರ್ಧ ಮಿಲಿಸೆಕೆಂಡಿನಂತೆ ಸರಿದೂಗಿಸುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಮುಳ್ಳನ್ನು ಒಮ್ಮೆಗೇ ಎತ್ತಿ ಸರಿಯಾದ ಜಾಗದಲ್ಲಿ ಇಡುತ್ತದೆ. ಈ ಹಾರಿಕೆಯೇ ಅಪಾಯ.

ಒಂದು ಬರಹ 10 ಗಂಟೆ 0 ನಿಮಿಷ 5 ಸೆಕೆಂಡಿಗೆ ಆರಂಭವಾಯಿತು. ಅದಕ್ಕೆ ನಿಜವಾಗಿ ಬೇಕಾದದ್ದು 8 ಮಿಲಿಸೆಕೆಂಡು. ನಡುವೆ ಗಡಿಯಾರವನ್ನು 2 ಸೆಕೆಂಡು ಹಿಂದಕ್ಕೆ ಇಡಲಾಯಿತು. ಅಂತ್ಯದ ಖಾನೆಯಲ್ಲಿ 3.008 ಸೆಕೆಂಡು ಎಂದು ಬೀಳುತ್ತದೆ. ಅವಧಿ: ಋಣ 1.992 ಸೆಕೆಂಡು. ಕೆಲಸ ತೊಡಗುವ ಮೊದಲೇ ಮುಗಿದಿದೆ! ಋಣಸಂಖ್ಯೆಗೆ ಎಡೆಯಿಲ್ಲದ 64 ಬಿಟ್ಟಿನ ಖಾನೆಯಲ್ಲಿ ಈ ಉತ್ತರವನ್ನು ಇಟ್ಟರೆ ಅದು ಮಗುಚಿಕೊಂಡು 5,84,000 ವರ್ಷಗಳಿಗೂ ಮಿಕ್ಕ ಮೈಕ್ರೋಸೆಕೆಂಡುಗಳಾಗಿ ಕಾಣುತ್ತದೆ. ಆ ಒಂದು ಅಂಕಿ ಸೇರಿದ ಮೇಲೆ ದಿನವಿಡೀ ಕೂಡಿಹಾಕಿದ ಸರಾಸರಿಗೆ ಬೆಲೆಯಿಲ್ಲ. ಗಡಿಯಾರ ಮುಂದಕ್ಕೆ ಹಾರಿದ್ದರೆ 8 ಮಿಲಿಸೆಕೆಂಡಿನ ಕೆಲಸ 2,008 ಮಿಲಿಸೆಕೆಂಡು ತೆಗೆದುಕೊಂಡಂತೆ ದಾಖಲಾಗುತ್ತಿತ್ತು. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ಕೆಟ್ಟದ್ದು. ಋಣ ಅವಧಿಯನ್ನು ಕಂಡವನು ನಕ್ಕು, ಗಡಿಯಾರ ಕೆಟ್ಟಿದೆ ಎನ್ನುತ್ತಾನೆ. ಎರಡು ಸೆಕೆಂಡನ್ನು ಕಂಡವನು ನಂಬುತ್ತಾನೆ, ಡಿಸ್ಕನ್ನು ದೂಷಿಸುತ್ತಾನೆ.

ಪರಿಹಾರ ಕರ್ನೆಲ್ಲಿನಲ್ಲೇ ಇದೆ. ಲಿನಕ್ಸ್ 'ಕ್ಲಾಕ್ ಮೊನೊಟೋನಿಕ್' ಎಂಬ ಇನ್ನೊಂದು ಗಡಿಯಾರವನ್ನು ಕೊಡುತ್ತದೆ. ಕನ್ನಡದಲ್ಲಿ ಏಕಮುಖ ಗಡಿಯಾರ ಎನ್ನಬಹುದು. ಅದು ಹಿಂದಕ್ಕೆ ಹೋಗದು, ಯಾರು ದಿನಾಂಕವನ್ನು ಬದಲಿಸಿದರೂ ಹಾರದು. ಅದರ ಅಂಕಿಗೆ ಪ್ರತ್ಯೇಕವಾಗಿ ಅರ್ಥವಿಲ್ಲ. ಎರಡು ಅಂಕಿಗಳ ವ್ಯತ್ಯಾಸಕ್ಕೆ ಮಾತ್ರ ಅರ್ಥವಿದೆ. ಗಳಿಗೆ ಬಟ್ಟಲೇ ಸರಿ. ಗ್ಲಸ್ಟರ್‌ನ ಇಂದಿನ ಕೋಡ್‌ನಲ್ಲಿ ಚೀಟಿಯ ಖಾನೆಗಳನ್ನು ತುಂಬುವುದು 'ಟೈಮ್‌ಸ್ಪೆಕ್ ನೌ' ಎಂಬ ಸಣ್ಣ ಕಾರ್ಯ. ಲಿನಕ್ಸ್‌ನಲ್ಲಿ ಅದು ಈ ಏಕಮುಖ ಗಡಿಯಾರವನ್ನು ಓದುತ್ತದೆ, ಮೈಕ್ರೋಸೆಕೆಂಡಿನ ಬದಲು ನ್ಯಾನೋಸೆಕೆಂಡಿನಲ್ಲಿ. ದಿನದ ಹೊತ್ತೇ ಬೇಕಾದ ಕಡೆಗಳಿಗೆ ಬೇರೆ ಹೆಸರಿನ ಕಾರ್ಯವಿದೆ. ಎರಡು ಹೆಸರುಗಳನ್ನು ಬೇರೆಯಿಟ್ಟದ್ದೇ ದೊಡ್ಡ ಉಪಕಾರ. ಕೋಡ್ ಬರೆಯುವವನು ತನಗೆ ಬೇಕಾದದ್ದು ಹೊತ್ತೋ ಅವಧಿಯೋ ಎಂದು ಒಂದು ಕ್ಷಣವಾದರೂ ಯೋಚಿಸಬೇಕಾಗುತ್ತದೆ.

ಏಕಮುಖ ಗಡಿಯಾರವೂ ಎನ್‌ಟಿಪಿಯ ನಿಧಾನ ತಿದ್ದುಪಡಿಗೆ ಒಳಪಡುತ್ತದೆ. ಸೆಕೆಂಡಿಗೆ ಅರ್ಧ ಮಿಲಿಸೆಕೆಂಡಿನ ಮಿತಿಯಲ್ಲಿ 8 ಮಿಲಿಸೆಕೆಂಡಿನ ಕೆಲಸಕ್ಕೆ ಬರುವ ತಪ್ಪು 4 ಮೈಕ್ರೋಸೆಕೆಂಡು, ಚಿಂತೆಗೆ ಕಾರಣವಿಲ್ಲ. ಅದೂ ಬೇಡವೆನ್ನುವವರಿಗೆ ತಿದ್ದುಪಡಿಯಿಲ್ಲದ 'ರಾ' ಎಂಬ ರೂಪವಿದೆ. ಯಂತ್ರ ನಿದ್ರಿಸುವಾಗ ಏಕಮುಖ ಗಡಿಯಾರ ಎಣಿಸುವುದಿಲ್ಲ; ನಿದ್ರೆಯನ್ನೂ ಸೇರಿಸಿ ಎಣಿಸುವುದಕ್ಕೆ 'ಬೂಟ್‌ಟೈಮ್' ಬೇಕು. ಅಗ್ಗದ 'ಕೋರ್ಸ್' ರೂಪವೂ ಒಂದಿದೆ, ಆದರೆ ಅದರ ಅಂಕಿ ಕೆಲವು ಮಿಲಿಸೆಕೆಂಡಿಗೊಮ್ಮೆ ಮಾತ್ರ ಬದಲಾಗುವುದರಿಂದ ಕಡತ ಕಾರ್ಯಗಳ ಅಳತೆಗೆ ಒದಗದು. ಜಾವಾದಲ್ಲಿ 'ನ್ಯಾನೋಟೈಮ್', ಪೈಥಾನ್ 3.3ರಿಂದ 'ಮೊನೊಟೋನಿಕ್', ಸಿ ಪ್ಲಸ್ ಪ್ಲಸ್ 11ರಲ್ಲಿ 'ಸ್ಟೆಡಿ ಕ್ಲಾಕ್' ಇದೇ ಕೆಲಸಕ್ಕೆ ಇವೆ.

ಇದುವರೆಗಿನದು ವರದಿಯ ಅಂಕಿಗಳ ಮಾತು. ಅಂಕಿ ತಪ್ಪಿದರೆ ಕೆಲವರು ದಾರಿ ತಪ್ಪಬಹುದು, ಅಷ್ಟೆ. ಆದರೆ ಕಡತ ವ್ಯವಸ್ಥೆ ಅವಧಿಯನ್ನು ನೋಡಿ ತಾನೇ ತೀರ್ಮಾನ ಕೈಗೊಳ್ಳುವ ಜಾಗಗಳಿವೆ. ಗ್ಲಸ್ಟರ್‌ನಲ್ಲಿ ಸರ್ವರಿನಿಂದ ಮರುದನಿ ಬಾರದೆ 42 ಸೆಕೆಂಡು ಕಳೆದರೆ ಸಂಪರ್ಕ ಕಡಿದಿದೆ ಎಂದು ಬಗೆಯುವುದು ಪೂರ್ವನಿಯೋಜಿತ ಕ್ರಮ. ಹಡೂಪ್‌ನ ಕಡತ ವ್ಯವಸ್ಥೆಯಾದ ಎಚ್‌ಡಿಎಫ್‌ಎಸ್‌ನಲ್ಲಿ ದತ್ತಾಂಶ ಹಿಡಿದಿರುವ ಪ್ರತಿ ಡೇಟಾನೋಡ್ 3 ಸೆಕೆಂಡಿಗೊಮ್ಮೆ ತಾನು ಬದುಕಿದ್ದೇನೆಂದು ನೇಮ್‌ನೋಡ್‌ಗೆ ತಿಳಿಸಬೇಕು. 10 ನಿಮಿಷ 30 ಸೆಕೆಂಡು ಸುದ್ದಿಯಿಲ್ಲದಿದ್ದರೆ ಅದು ಸತ್ತಂತೆ ಲೆಕ್ಕ. ಸತ್ತ ನೋಡ್‌ನಲ್ಲಿದ್ದ ಕಡತಗಳ ಹೊಸ ಪ್ರತಿಗಳನ್ನು ಉಳಿದ ನೋಡ್‌ಗಳಲ್ಲಿ ಮಾಡಲು ವ್ಯವಸ್ಥೆ ಕೂಡಲೇ ತೊಡಗುತ್ತದೆ. ಈ 'ಸುದ್ದಿಯಿಲ್ಲದ ಅವಧಿ'ಯನ್ನು ದಿನದ ಗಡಿಯಾರದಿಂದ ಅಳೆದರೆ ಏನಾಗಬಹುದು? ನೇಮ್‌ನೋಡ್‌ನ ಗಡಿಯಾರ 11 ನಿಮಿಷ ಮುಂದಕ್ಕೆ ಹಾರಿ, ಮುಂದಿನ ಸುದ್ದಿ ಮುಟ್ಟುವ ಮೊದಲೇ ಪರಿಶೀಲನೆ ನಡೆದರೆ, ಆರೋಗ್ಯವಾಗಿರುವ ನೋಡ್‌ಗಳು ಸಾಲುಸಾಲಾಗಿ ಸತ್ತವೆಂದು ಘೋಷಿತವಾಗುತ್ತವೆ. ಬದುಕಿರುವವರಿಗೆ ತಿಥಿ ಮಾಡಿದಂತೆ ಜಾಲದ ತುಂಬ ಪ್ರತಿ ತೆಗೆಯುವ ಗದ್ದಲ ಏಳುತ್ತದೆ. ಹಡೂಪ್‌ನ ಕೋಡ್‌ನಲ್ಲಿ 'ಟೈಮ್ ನೌ' ಎಂಬ ಕಾರ್ಯದ ಮೇಲೆಯೇ, ಇದನ್ನು ಅವಧಿ ಅಳೆಯಲು ಬಳಸಬೇಡಿ, 'ಮೊನೊಟೋನಿಕ್ ನೌ' ಬಳಸಿ ಎಂಬ ಎಚ್ಚರಿಕೆ ಬರೆದಿದೆ. ಎಚ್ಚರಿಕೆ ಇದ್ದರೂ ಹಳೆಯ ಬಳಕೆ ಎಲ್ಲೆಡೆ ಉಳಿದಿತ್ತು. ಎಚ್‌ಡಿಎಫ್‌ಎಸ್‌ನಾದ್ಯಂತ ಹುಡುಕಿ ಬದಲಿಸಿದ ತಿದ್ದುಪಡಿ ಸೇರಿದ್ದು 2015ರ 2.7ನೆಯ ಆವೃತ್ತಿಯಲ್ಲಿ.

ಗಡಿಯಾರ ಹಾರಲು ಎಂಜಿನಿಯರನ ಕೈತಪ್ಪೇ ಆಗಬೇಕೆಂದಿಲ್ಲ. ಚಾಂದ್ರಮಾನವನ್ನು ಸೌರಮಾನಕ್ಕೆ ಹೊಂದಿಸಲು ಅಧಿಕ ಮಾಸ ಬರುವಂತೆ, ಪರಮಾಣು ಗಡಿಯಾರವನ್ನು ಭೂಮಿಯ ತಿರುಗಾಟಕ್ಕೆ ಹೊಂದಿಸಲು ಆಗಾಗ ಒಂದು ಅಧಿಕ ಸೆಕೆಂಡನ್ನು ಸೇರಿಸುತ್ತ ಬಂದಿದ್ದಾರೆ. 2012ರ ಜೂನ್ 30ರ ಕೊನೆಗೆ ಅಂಥದೊಂದು ಸೆಕೆಂಡು ಸೇರಿತು. ಅಬುಧಾಬಿಯಲ್ಲಿ ಅದು ಜುಲೈ 1ರ ಬೆಳಗಿನ ಜಾವ 4 ಗಂಟೆ, ಬೆಂಗಳೂರಿನಲ್ಲಿ 5.30. ಲಿನಕ್ಸ್ ಕರ್ನೆಲ್ಲಿನ ಒಂದು ದೋಷದಿಂದಾಗಿ ಅಲ್ಲಿಯ ಸೂಕ್ಷ್ಮ ಟೈಮರುಗಳಿಗೆ ಈ ಬದಲಾವಣೆಯ ಸುದ್ದಿ ಮುಟ್ಟಲಿಲ್ಲ. ಸ್ವಲ್ಪ ಕಾದು ಏಳಬೇಕಿದ್ದ ಎಳೆಗಳು ಕಾಯದೆ ಎದ್ದೆದ್ದು ಪ್ರೊಸೆಸರನ್ನು ತಿನ್ನತೊಡಗಿದವು. ರೆಡಿಟ್ ತಾಣ ನಿಂತಿತು; ಮೊಜಿಲ್ಲಾದ ಹಡೂಪ್ ಯಂತ್ರಗಳೂ ತೊಂದರೆಗೆ ಸಿಲುಕಿದವು. ಮದ್ದು ಸರಳವಾಗಿತ್ತು: ದಿನಾಂಕವನ್ನು ಮತ್ತೊಮ್ಮೆ ಅದೇ ದಿನಾಂಕಕ್ಕೆ ಹೊಂದಿಸಿದರೆ ಸಾಕು. 2016ರ ಕೊನೆಯ ಅಧಿಕ ಸೆಕೆಂಡಿನಲ್ಲಿ ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ ತಂತ್ರಾಂಶ ಋಣ ಅವಧಿಯೊಂದನ್ನು ಕಂಡು ಕುಸಿಯಿತು. ಅವಧಿ ಎಂದೂ ಋಣವಾಗದೆಂದು ಅದನ್ನು ಬರೆದವರು ನಂಬಿದ್ದರು, ಗೋ ಭಾಷೆಯಲ್ಲಿ ಆಗ ಅವರಿಗೆ ಏಕಮುಖ ಗಡಿಯಾರ ನೇರವಾಗಿ ಸಿಗುತ್ತಲೂ ಇರಲಿಲ್ಲ. ಮರುವರ್ಷ ಬಂದ ಗೋ 1.9ರಲ್ಲಿ ಅದು ಸೇರಿತು. 2035ರೊಳಗೆ ಅಧಿಕ ಸೆಕೆಂಡಿನ ಪದ್ಧತಿಯನ್ನೇ ಕೈಬಿಡಲು 2022ರಲ್ಲಿ ಅಂತಾರಾಷ್ಟ್ರೀಯ ತೂಕ ಮತ್ತು ಅಳತೆಗಳ ಮಹಾಸಭೆ ನಿರ್ಣಯಿಸಿದೆ.

ಒಂದೇ ಯಂತ್ರದ ಮಾತಾಯಿತು. ಆದೇಶ ಹೊರಟದ್ದು ಒಂದು ಯಂತ್ರದಿಂದ, ಕೆಲಸ ನಡೆದದ್ದು ಇನ್ನೊಂದರಲ್ಲಿ ಆದಾಗ ಏನು ಮಾಡಬೇಕು? ಹೊರಟ ಕ್ಷಣವನ್ನು ಸಂದೇಶದಲ್ಲೇ ಬರೆದು ಕಳುಹಿಸಿ, ತಲುಪಿದ ಕಡೆ ಅಲ್ಲಿಯ ಗಡಿಯಾರದಿಂದ ಅದನ್ನು ಕಳೆದರಾಯಿತು ಎಂದು ತೋರುತ್ತದೆ. ಏಕಮುಖ ಗಡಿಯಾರದಲ್ಲಿ ಇದು ಸಾಧ್ಯವೇ ಇಲ್ಲ: ಅದು ಒಂದು ಯಂತ್ರದ ಒಂದು ಬದುಕಿಗೆ ಸೇರಿದ ಎಣಿಕೆ, ಯಂತ್ರ ಮತ್ತೆ ಹೊತ್ತಿಕೊಂಡರೆ ಹಳೆಯ ಅಂಕಿಗೆ ಅರ್ಥವಿಲ್ಲ, ಆದ್ದರಿಂದ ಅದನ್ನು ಜಾಲದಲ್ಲಿ ಕಳುಹಿಸಲೂ ಬಾರದು, ಡಿಸ್ಕಿನಲ್ಲಿ ಬರೆದಿಡಲೂ ಬಾರದು. ದಿನದ ಗಡಿಯಾರದಲ್ಲಾದರೆ ಮಾಡಬಹುದು. ಆದರೆ ಅದು ವಿಮಾನದ ಟಿಕೆಟ್ಟಿನ ಲೆಕ್ಕವಾಗುತ್ತದೆ.

ಆ ಟಿಕೆಟ್ಟಿಗೇ ಮರಳೋಣ, ಏಕೆಂದರೆ ಎನ್‌ಟಿಪಿಯ ಗುಟ್ಟು ಅದರಲ್ಲೇ ಇದೆ. ಗಡಿಯಾರಗಳ ಅಂತರ ತಿಳಿಯದ ಒಬ್ಬ ಪ್ರಯಾಣಿಕ ಟಿಕೆಟ್ಟಿನ ನಾಲ್ಕು ಅಂಕಿಗಳನ್ನಷ್ಟೇ ನೋಡುತ್ತಾನೆ. ಹೋಗುವಾಗ 5 ಗಂಟೆ, ಬರುವಾಗ 2 ಗಂಟೆ ಕಾಣುತ್ತವೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ ಮೂರೂವರೆ: ಇದು ಪ್ರಯಾಣದ ಅವಧಿ. ಒಂದರಿಂದ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ ಒಂದೂವರೆ: ಇದು ಗಡಿಯಾರಗಳ ಅಂತರ. ಭೂಗೋಳ ಓದದೆಯೇ ಆತ ಮಂಗಳೂರಿನ ಹೊತ್ತನ್ನು ಕಂಡುಹಿಡಿದ. ಎನ್‌ಟಿಪಿ ಮಾಡುವುದು ಇದನ್ನೇ: ಹೊರಟದ್ದು, ತಲುಪಿದ್ದು, ಮರಳಿ ಹೊರಟದ್ದು, ಮರಳಿ ತಲುಪಿದ್ದು ಎಂಬ ನಾಲ್ಕು ಅಂಕಿಗಳಿಂದ ಅಂತರವನ್ನು ತೆಗೆಯುವುದು.

ಆದರೆ ಈ ಲೆಕ್ಕ ಒಂದು ನಂಬಿಕೆಯ ಮೇಲೆ ನಿಂತಿದೆ. ಹೋಗುವ ದಾರಿಗೂ ಬರುವ ದಾರಿಗೂ ತಗಲುವ ಅವಧಿ ಒಂದೇ ಎಂಬ ನಂಬಿಕೆ. ಪಶ್ಚಿಮದಿಂದ ಬೀಸುವ ಎತ್ತರದ ಗಾಳಿ ನೂಕಿದ್ದರಿಂದ ಹೋಗುವಾಗ 3 ಗಂಟೆ 15 ನಿಮಿಷ, ಎದುರಾದ್ದರಿಂದ ಬರುವಾಗ 3 ಗಂಟೆ 45 ನಿಮಿಷ ಆಯಿತೆನ್ನೋಣ. ಟಿಕೆಟ್ಟಿನ ಮೇಲೆ 4 ಗಂಟೆ 45 ನಿಮಿಷ ಮತ್ತು 2 ಗಂಟೆ 15 ನಿಮಿಷ ಕಾಣುತ್ತವೆ. ಮೊತ್ತ ಈಗಲೂ 7 ಗಂಟೆ, ಅದರಲ್ಲಿ ಒಂದಿಷ್ಟೂ ತಪ್ಪಿಲ್ಲ. ಆದರೆ ಗಡಿಯಾರಗಳ ಅಂತರ ಒಂದೂಕಾಲು ಗಂಟೆಯೆಂದು ಬರುತ್ತದೆ, ಕಾಲು ಗಂಟೆಯ ತಪ್ಪು. ಜಾಲದಲ್ಲೂ ಹೀಗೆಯೇ. ಹೋಗುವ ದಾರಿಯಲ್ಲಿ ದಟ್ಟಣೆಯಿದ್ದು ಬರುವ ದಾರಿ ಖಾಲಿಯಿದ್ದರೆ ಎನ್‌ಟಿಪಿ ಮೋಸಹೋಗುತ್ತದೆ, ಮೋಸಹೋದದ್ದು ಅದಕ್ಕೆ ತಿಳಿಯುವುದೂ ಇಲ್ಲ. ಹೋಗಿಬಂದ ಒಟ್ಟು ಅವಧಿ ಅಳತೆ. ಒಂದು ದಿಕ್ಕಿನ ಅವಧಿ ಊಹೆ. ಗೂಗಲ್ ತನ್ನ ಸ್ಪ್ಯಾನರ್ ದತ್ತಸಂಚಯಕ್ಕಾಗಿ ಜಿಪಿಎಸ್ ಮತ್ತು ಪರಮಾಣು ಗಡಿಯಾರಗಳನ್ನಿಟ್ಟು ಕಟ್ಟಿದ ಟ್ರೂಟೈಮ್ ವ್ಯವಸ್ಥೆ ಕೂಡ 'ಈಗ ಇಷ್ಟು ಗಂಟೆ' ಎನ್ನುವುದಿಲ್ಲ, 'ಇಷ್ಟರಿಂದ ಇಷ್ಟರ ನಡುವೆ' ಎನ್ನುತ್ತದೆ.

ಆದ್ದರಿಂದ ಎಚ್ಚರದ ಕೋಡ್ ಬೇರೆ ದಾರಿ ಹಿಡಿಯುತ್ತದೆ. ಗ್ರಾಹಕ ಯಂತ್ರ ತನ್ನ ಏಕಮುಖ ಗಡಿಯಾರದಲ್ಲಿ ಒಟ್ಟು ಅವಧಿಯನ್ನು ಅಳೆಯುತ್ತದೆ. 12 ಮಿಲಿಸೆಕೆಂಡು ಎನ್ನೋಣ. ಸರ್ವರು ತನ್ನ ಏಕಮುಖ ಗಡಿಯಾರದಲ್ಲಿ ತನ್ನ ಕೆಲಸವನ್ನು ಅಳೆಯುತ್ತದೆ, 7 ಮಿಲಿಸೆಕೆಂಡು. ಉಳಿದ 5 ಜಾಲದಲ್ಲೋ ಸರತಿಯಲ್ಲೋ ಹೋಗಿದೆ. ಅವಧಿಯಿಂದ ಅವಧಿಯನ್ನು ಕಳೆಯಬಹುದು, ಅವು ಬೇರೆಬೇರೆ ಯಂತ್ರಗಳದ್ದಾದರೂ ಸರಿ. ಒಂದು ಯಂತ್ರದ ಹೊತ್ತಿನಿಂದ ಇನ್ನೊಂದರ ಹೊತ್ತನ್ನು ಕಳೆಯಲಾಗದು. ಗ್ಲಸ್ಟರ್‌ನಲ್ಲಿ ಅಳತೆಯ ಪದರವಾದ 'ಐಓ ಸ್ಟ್ಯಾಟ್ಸ್' ಸರ್ವರಿನ ಕಡೆಯೂ ಗ್ರಾಹಕನ ಕಡೆಯೂ ಇರುವುದು ಈ ಕಾರಣಕ್ಕೆ ಒದಗಿಬರುತ್ತದೆ. 'ವಾಲ್ಯೂಮ್ ಪ್ರೊಫೈಲ್' ಆದೇಶ ಸರ್ವರಿನ ಬದಿಯ ಅಂಕಿಗಳನ್ನು ತೋರಿಸುತ್ತದೆ: ಪ್ರತಿ ಬಗೆಯ ಕಾರ್ಯಕ್ಕೂ ಕರೆಗಳ ಸಂಖ್ಯೆ, ಸರಾಸರಿ, ಕನಿಷ್ಠ ಮತ್ತು ಗರಿಷ್ಠ ಅವಧಿ, ಒಟ್ಟು ವಿಳಂಬದಲ್ಲಿ ಅದರ ಶೇಕಡಾ ಪಾಲು, ಆರಂಭದಿಂದ ಕೂಡಿಬಂದದ್ದು ಒಂದು ಪಟ್ಟಿ, ಕಳೆದ ಸಲ ಕೇಳಿದ ಮೇಲಿನದು ಇನ್ನೊಂದು. ಬಳಕೆದಾರರು ನಿಧಾನವೆಂದು ದೂರುತ್ತಿರುವಾಗ ಸರ್ವರಿನ ಪಟ್ಟಿ ಆರೋಗ್ಯಕರವಾಗಿದ್ದರೆ ಹುಡುಕಬೇಕಾದದ್ದು ಜಾಲವನ್ನು ಅಥವಾ ಗ್ರಾಹಕನ ಪದರಗಳನ್ನು.

ಅಳತೆ ಯಾವ ಪದರದಲ್ಲಿ ನಿಂತಿದೆ ಎಂಬುದನ್ನು ತಿಳಿಯದೆ ಅಂಕಿಯನ್ನು ಓದಬಾರದು. ಗ್ರಾಹಕನ ಕಡೆ 'ರೈಟ್ ಬಿಹೈಂಡ್' ಎಂಬ ಪದರವೊಂದಿದೆ; ಬರೆಯುವ ಆದೇಶ ಬಂದೊಡನೆ, ಸರ್ವರನ್ನು ಮುಟ್ಟುವ ಮೊದಲೇ, ಆಯಿತು ಎಂದು ಉತ್ತರ ಕೊಟ್ಟುಬಿಡುವುದು ಅದರ ಸ್ವಭಾವ. ಅದರ ಮೇಲೆ ನಿಂತು ಅಳೆದರೆ ಬರಹಗಳೆಲ್ಲ ಮಿಂಚಿನ ವೇಗದಲ್ಲಿ ಮುಗಿಯುತ್ತವೆ. ನಿಜವಾದ ಸಾಲ ತೀರುವುದು 'ಎಫ್‌ಸಿಂಕ್' ಅಥವಾ 'ಫ್ಲಶ್' ಬಂದಾಗ. ಸರಾಸರಿಯನ್ನು ಮಾತ್ರ ನೋಡುವವರಿಗೂ ಒಂದು ಮಾತು: ಒಂದು ಸಾವಿರ ಬರಹಗಳಲ್ಲಿ 999 ಒಂದೊಂದು ಮಿಲಿಸೆಕೆಂಡು, ಒಂದು ಮಾತ್ರ 5 ಸೆಕೆಂಡು ತೆಗೆದುಕೊಂಡರೆ ಸರಾಸರಿ ಸುಮಾರು 6 ಮಿಲಿಸೆಕೆಂಡು. ಆ 6 ಮಿಲಿಸೆಕೆಂಡಿನ ಅನುಭವ ಯಾರಿಗೂ ಆಗಿಲ್ಲ. ಗಡಿಯಾರ ಓದುವುದಕ್ಕೂ ವೆಚ್ಚವಿದೆ. ಆಧುನಿಕ ಯಂತ್ರದಲ್ಲಿ ಹತ್ತಾರು ನ್ಯಾನೋಸೆಕೆಂಡು, ಕೆಲವು ವರ್ಚುವಲ್ ಯಂತ್ರಗಳಲ್ಲಿ ಅದರ ಹಲವು ಪಟ್ಟು. ಪ್ರತಿ ಪದರದಲ್ಲೂ ಎರಡೆರಡು ಸಲ ಓದುವುದಾದರೆ ಅದೂ ಕೂಡುತ್ತದೆ. ಅದಕ್ಕೇ ಪ್ರೊಫೈಲ್ ಅನ್ನು ಬೇಕಾದಾಗ ಚಾಲೂ ಮಾಡಿ ಮತ್ತೆ ನಿಲ್ಲಿಸುವ ವ್ಯವಸ್ಥೆ.

ದಿನದ ಗಡಿಯಾರಕ್ಕೆ ಕಡತ ವ್ಯವಸ್ಥೆಯಲ್ಲಿ ಕೆಲಸವೇ ಇಲ್ಲವೆಂದಲ್ಲ. ಕಡತ ಎಂದು ಬದಲಾಯಿತು ಎಂಬ ಮುದ್ರೆ ಹೊತ್ತೇ ಆಗಿರಬೇಕು. ಗ್ಲಸ್ಟರ್‌ನಲ್ಲಿ ಒಂದೇ ಕಡತದ ಪ್ರತಿಗಳು ಬೇರೆಬೇರೆ ಸರ್ವರುಗಳಲ್ಲಿದ್ದು, ಪ್ರತಿಯೊಂದೂ ತನ್ನ ಗಡಿಯಾರದಿಂದ ಮುದ್ರೆಯೊತ್ತುತ್ತಿತ್ತು. 'ಟಾರ್' ಆದೇಶ ಒಮ್ಮೆ ಒಂದು ಪ್ರತಿಯನ್ನೂ ಮತ್ತೊಮ್ಮೆ ಇನ್ನೊಂದನ್ನೂ ನೋಡಿ, ಓದುತ್ತಿರುವಾಗಲೇ ಕಡತ ಬದಲಾಯಿತೆಂದು ದೂರುತ್ತಿತ್ತು. 2018ರ 5ನೆಯ ಆವೃತ್ತಿಯಲ್ಲಿ ಬಂದ ಪರಿಹಾರದಂತೆ ಮುದ್ರೆಯ ಹೊತ್ತನ್ನು ಗ್ರಾಹಕನೇ ನಿರ್ಧರಿಸಿ ಎಲ್ಲ ಪ್ರತಿಗಳಿಗೂ ಒಂದನ್ನೇ ಕಳುಹಿಸುತ್ತಾನೆ. ಬದಲಿಗೆ ಗ್ರಾಹಕರ ಗಡಿಯಾರಗಳೆಲ್ಲ ಹೊಂದಿಕೊಂಡಿರಬೇಕೆಂಬ ಹೊಸ ಷರತ್ತು ಬಂತು.

ನಾನು ಈ ಪಾಠವನ್ನು ಕಲಿತದ್ದು ಇಷ್ಟು ಘನವಾದ ಜಾಗದಲ್ಲಲ್ಲ. ಹಿಂದೆ ಕೆಲಸಮಾಡುತ್ತಿದ್ದ ಕಚೇರಿಯೊಂದರಲ್ಲಿ ರಾತ್ರಿಯ ಬ್ಯಾಕಪ್ ಪ್ರತಿದಿನ ಒಂದೂವರೆ ನಿಮಿಷ ಹೆಚ್ಚು ಹಿಡಿಯುತ್ತಿದೆಯೆಂದು ವರದಿ ಬರುತ್ತಿತ್ತು. ಸಣ್ಣ ಸ್ಕ್ರಿಪ್ಟೊಂದು ಆರಂಭ ಮತ್ತು ಅಂತ್ಯದಲ್ಲಿ 'ಡೇಟ್' ಆದೇಶದಿಂದ ಹೊತ್ತನ್ನು ಬರೆದು ಕಳೆಯುತ್ತಿತ್ತು. ಹಗಲಿನಲ್ಲಿ ಅದೇ ಬ್ಯಾಕಪ್ಪನ್ನು ಓಡಿಸಿದರೆ ಏನೂ ತೊಂದರೆ ಕಾಣುತ್ತಿರಲಿಲ್ಲ. ರಾತ್ರಿ ಡಿಸ್ಕ್‌ಗಳ ಮೇಲೆ ಹೊರೆ ಹೆಚ್ಚೆಂದು ತರ್ಕಿಸಿ, ಹೊಸ ಡಿಸ್ಕ್‌ಗಳನ್ನು ತರಿಸಿ ಹಾಕಿದ್ದಾಯಿತು. ಒಂದೂವರೆ ನಿಮಿಷ ಹಾಗೆಯೇ ಉಳಿಯಿತು. ಕೊನೆಗೆ ಕಂಡದ್ದು ಇಷ್ಟು: ಆ ವರ್ಚುವಲ್ ಯಂತ್ರದ ಗಡಿಯಾರ ದಿನಕ್ಕೆ ಒಂದೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ನಿರಂತರ ಎನ್‌ಟಿಪಿ ಸೇವೆಯನ್ನು ಯಾರೋ ಆರಿಸಿ, ಅದರ ಬದಲು ರಾತ್ರಿ 2 ಗಂಟೆಗೊಮ್ಮೆ ಗಡಿಯಾರವನ್ನು ಸರಿಪಡಿಸುವ ಕೆಲಸವನ್ನು ಇಟ್ಟಿದ್ದರು. ಬ್ಯಾಕಪ್ ನಡೆಯುತ್ತಿದ್ದದ್ದು ಒಂದೂವರೆಯಿಂದ ಎರಡೂವರೆಯವರೆಗೆ. ಸ್ಕ್ರಿಪ್ಟಿನ ಎರಡು ಸಾಲುಗಳಲ್ಲಿ 'ಡೇಟ್' ತೆಗೆದು, ಲಿನಕ್ಸ್‌ನ 'ಪ್ರಾಕ್' ಕೋಶದಲ್ಲಿರುವ 'ಅಪ್‌ಟೈಮ್' ಕಡತದ ಮೊದಲ ಅಂಕಿಯನ್ನು ಓದುವಂತೆ ಮಾಡಿದೆವು. ಯಂತ್ರ ಹೊತ್ತಿಕೊಂಡಂದಿನಿಂದ ಕಳೆದ ಸೆಕೆಂಡುಗಳು ಅಲ್ಲಿರುತ್ತವೆ, ದಿನಾಂಕ ಬದಲಿಸಿದರೆ ಅವು ಕದಲುವುದಿಲ್ಲ. ಮರುದಿನದ ವರದಿಯಲ್ಲಿ ಒಂದೂವರೆ ನಿಮಿಷ ಇರಲಿಲ್ಲ. ಹಳೆಯ ಡಿಸ್ಕ್‌ಗಳನ್ನು ಅಷ್ಟರಲ್ಲಿ ಗುಜರಿಗೆ ಕೊಟ್ಟಾಗಿತ್ತು.